ಪೆನ್ಸಿಲ್ ಲೆಕ್ಕ

ಡಿಸೆಂಬರಿನ ಒಂದು ಸಂಜೆ, ಕಲಬುರಗಿಯಿಂದ ಜೇವರ್ಗಿಗೆ ಹೊರಟ ಬಸ್ಸು. ರಸ್ತೆಯ ಎರಡೂ ಬದಿಗೆ ಕಾಯಿ ಕಟ್ಟಿ ನಿಂತ ತೊಗರಿ, ನಡುನಡುವೆ ಹತ್ತಿ ಹೊಲಗಳ ಬಿಳುಪು. ಕಿಟಕಿಯ ಪಕ್ಕ ಕೂತವರು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಪಂಚಾಯ್ತಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ಅವರ ಮಗ್ಗುಲಲ್ಲಿ ಕೂತಾಕೆ ಜೇವರ್ಗಿ ತಾಲ್ಲೂಕಿನ ಒಂದು ಶಾಲಾ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಊರೂರು ಶಾಲೆ ಸುತ್ತಿ ವರದಿ ಬರೆಯುವುದು, ಶಿಕ್ಷಕರಿಗೆ ನೆರವಾಗುವುದು ಆಕೆಯ ಕೆಲಸ. ಆಕೆಯ ತಂದೆ ಇವರ ಗೆಳೆಯರಾಗಿದ್ದರು, ಹಾಗಾಗಿ ಇವರು 'ಕಾಕಾ'. ಆಕೆಯ ತೊಡೆಯ ಮೇಲೆ ಹೊಸ ಚೀಲ.

ಕಾಕಾ: ಚೀಲ ಛಲೋ ಅದ. ಒಳಗೇನು ಕೊಟ್ಟಾರ?

ಸಿಆರ್‌ಪಿ: ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಬಿಸ್ಕೀಟ್ ಪುಡಾ. ಬಿಸ್ಕೀಟ್ ಖಾಲಿ ಆಗ್ಯಾದ, ನೋಟ್‌ಬುಕ್ಕು ಹಂಗೇ ಅದ. ಎಲ್ಲಾ ಗ್ವಾಡಿಗಿ ಹಚ್ಚಿದ ದೊಡ್ಡ ಹಾಳ್ಯಾಗ ಬರಸಿದ್ರು.

ಕಾಕಾ: ಏನು ತರಬೇತಿ?

ಸಿಆರ್‌ಪಿ: ಸರ್ಕಾರದ ಯೋಜನಿ ಊರಿಗಿ ಬಂದ ಮ್ಯಾಲ ಅದನ್ನ ಹ್ಯಾಂಗ ನಡಸಬೇಕು ಅಂತ. ಆದೇಶದಾಗ ಬರದಷ್ಟು ಮಾಡಿ ಕೈ ತೊಳಕೋಬ್ಯಾಡ್ರಿ. ಮೊದಲ ಸಮಸ್ಯೆ ಯಾವುದು ನೋಡ್ರಿ, ಸಣ್ಣದೊಂದು ಮಾಡಿ ನೋಡ್ರಿ, ಏನಾತು ಬರದಿಡ್ರಿ, ತಪ್ಪಿದ್ರ ತಿದ್ದಿ ಮತ್ತ ಮಾಡ್ರಿ ಅಂದ್ರು. 'ಹೊಂದಾಣಿಕೆಯ ಅನುಷ್ಠಾನ' ಅಂತ ಹೆಸರು.

ಕಾಕಾ: (ನಕ್ಕು) ಹೊಂದಾಣಿಕಿ ಕಲಸ್ಲಾಕ ಮೂರು ದಿನ ಬೇಕಾತೇನು? ನಾ ಮೂವತ್ತು ವರ್ಷ ಅದನ್ನೇ ಮಾಡೀನಿ. ನಮ್ಮ ಕಚೇರ್ಯಾಗ ಅದಕ್ಕ 'ಅಡ್ಜಸ್ಟ್' ಅಂತಿದ್ವಿ. ಮ್ಯಾಲಿನವರು ನಮಗ ಅಡ್ಜಸ್ಟ್ ಮಾಡ್ಕೋರಿ ಅಂತಿದ್ರು, ನಾವು ಕೆಳಗಿನವರಿಗಿ ಅಂತಿದ್ವಿ.

ಸಿಆರ್‌ಪಿ: ನಾನೂ ಎದ್ದು ನಿಂತು ಹಂಗೇ ಅಂದೆ ಕಾಕಾ. ಪಾಠ ಹೇಳೂ ಮೇಡಂ ಒಂದೇ ಪ್ರಶ್ನಿ ಕೇಳಿದ್ರು. ನೀವು ಅಡ್ಜಸ್ಟ್ ಮಾಡೂದು ಏನನ್ನ, ಕೆಲಸಾನೋ ಲೆಕ್ಕಾನೋ ಅಂತ.

ಕಾಕಾ: ನೀ ಏನಂದಿ?

ಸಿಆರ್‌ಪಿ: ಸುಮ್ಮನ ಕುಂತೆ. ನೀವಾಗಿದ್ರ ಏನಂತಿದ್ರಿ?

ಕಾಕಾ: (ಸ್ವಲ್ಪ ಹೊತ್ತು ಬಿಟ್ಟು) ನಾನೂ ಕುಂದರ್ತಿದ್ದೆ.

ಸಿಆರ್‌ಪಿ: ಉದ್ಯೋಗ ಖಾತ್ರಿ ಕೆಲಸದ ಫೋಟೋ ಹಾಜರಿ ನೆನಪದ ಇಲ್ಲೋ? 2023ರ ಜನವರಿಯಿಂದ ಕಡ್ಡಾಯ ಆತು. ದಿನಕ್ಕ ಎರಡು ಸಲ ಕೂಲಿಯವರನ್ನ ನಿಲ್ಲಿಸಿ ಮೊಬೈಲಿನ್ಯಾಗ ಫೋಟೋ ಹೊಡಿಬೇಕಿತ್ತು. ನೆಟ್‌ವರ್ಕ್ ಇಲ್ಲದ ತಾಂಡಾದಾಗ ಫೋಟೋ ಹೋಗಲಿಲ್ಲಂದ್ರ ಕೂಲಿ ಇಲ್ಲ. ಮುಂದ ಏನಾತು? ಫೋಟೋದ ಫೋಟೋ ಹೊಡದು ಕಳಸೂದು ಶುರು ಆತು. 2025ರ ಜುಲೈದಾಗ ಕೇಂದ್ರದ ಸಚಿವಾಲಯನೇ ಸುತ್ತೋಲಿ ಹೊರಡಿಸಿ ಇಂಥ ಇಂಥ ಆಟ ನಡದಾವ ಅಂತ ಪಟ್ಟಿ ಕೊಡ್ತು. ಕಳ್ಳತನ ತಡಿಲಾಕ ತಂದ ಫೋಟೋ ತಾನೇ ಕಳ್ಳತನದ ಸಾಮಾನಾತು.

ಕಾಕಾ: ಪಟ್ಟಿ ಕೊಟ್ಟು ಮುಂದೇನು ಮಾಡಿದ್ರು?

ಸಿಆರ್‌ಪಿ: ಫೋಟೋಗಳನ್ನ ಪರೀಕ್ಷಿ ಮಾಡ್ಲಾಕ ಇನ್ನೊಂದು ಸುತ್ತು ಕೆಲಸ ಹಚ್ಚಿದ್ರು. ಸಿಗ್ನಲ್ ಇಲ್ಲದ ಊರಾಗ ಹಾಜರಿ ಹ್ಯಾಂಗ ಹಿಡಿಬೇಕು ಅನ್ನೂದು ಹಂಗೇ ಉಳೀತು. ಅಮೆರಿಕದ ಹಾರ್ವರ್ಡಿನ್ಯಾಗ ಮ್ಯಾಟ್ ಆಂಡ್ರ್ಯೂಸ್, ಲ್ಯಾಂಟ್ ಪ್ರಿಚೆಟ್, ಮೈಕೆಲ್ ವುಲ್ಕಾಕ್ ಅಂತ ಮೂವರು ಇದ್ರು. ಇಂಥ ಕಥೀನೆ ದೇಶದೇಶಗಳಾಗ ನೋಡಿ 2017ರಾಗ ಒಂದು ಪುಸ್ತಕ ಬರದಾರ. ಬಡ ದೇಶದ ಕಚೇರಿ ಶ್ರೀಮಂತ ದೇಶದ ಕಚೇರಿಯ ರೂಪ ತೊಡ್ತದ, ಅದರ ಕಸುವು ಮಾತ್ರ ಬರೂದಿಲ್ಲ ಅಂತಾರ.

ಕಾಕಾ: ಮೊಹರಮ್ಮಿನ್ಯಾಗ ಹುಲಿ ವೇಷ ಹಾಕ್ತಾರಲ್ಲ, ಹಂಗ. ಪಟ್ಟಿ ಬಳಕೊಂಡು ಅಲಾಯಿ ಮುಂದ ಕುಣದಾಗ ಹುಡುಗರು ಹೆದರ್ತಾವ. ಕುಣಿಯೂವಾಗ ಹುಲಿ ಛಂದ. ಹೊಲದಾಗ ಹಂದಿ ಹೊಕ್ಕಾವ, ಓಡಸು ಅಂದ್ರ ಆಗೂದಿಲ್ಲ.

ಸಿಆರ್‌ಪಿ: ನಮ್ಮ ಹತ್ತನೇ ಕ್ಲಾಸಿನ ಫಲಿತಾಂಶನೂ ಹಂಗೇ ಕುಣದಿತ್ತು ಕಾಕಾ. 2023ರಾಗ ರಾಜ್ಯದಾಗ ಶೇ. 83.89 ಮಕ್ಕಳು ಪಾಸು. 2024ರಾಗ ಪರೀಕ್ಷಾ ಕೋಣಿಗಿ ಕ್ಯಾಮೆರಾ ಇಟ್ಟು ಕುಂತಲ್ಲಿಂದಲೇ ನೋಡ್ಲಾಕ ಶುರು ಮಾಡಿದ್ರು. ಕೃಪಾಂಕ ಶೇ. 10ರಿಂದ ಶೇ. 20ಕ್ಕ ಏರಿಸಿದ್ರೂ ಪಾಸಾದವರು ಶೇ. 73.40ಕ್ಕ ಇಳೀತು. ನಮ್ಮ ಕಲಬುರಗಿ ಶೇ. 53ರ ಸುತ್ತ. 2025ರಾಗ ಆ ಹೆಚ್ಚಿನ ಕೃಪಾಂಕನೂ ಹೋತು. ಕಲಬುರಗಿ ಶೇ. 42.43, ರಾಜ್ಯಕ್ಕೇ ಕಡೀ ಜಿಲ್ಲಾ.

ಕಾಕಾ: ಮಕ್ಕಳು ಎರಡು ವರ್ಷದಾಗ ದಡ್ಡರಾಗಲಿಲ್ಲ.

ಸಿಆರ್‌ಪಿ: ಬಣ್ಣ ತೊಳೀತು, ಅಷ್ಟೇ. ತೊಳೀಲಿ, ಛಲೋ ಆತು ಅಂತೀನಿ. ಕೆಳಗಿನ ಮೈ ಹ್ಯಾಂಗದ ಅಂತ ಗೊತ್ತಾದ ಮ್ಯಾಲ ಏನು ಮಾಡಿದ್ವಿ ಅನ್ನೂದು ಮಾತು. ವಿಶೇಷ ತರಗತಿ, ರಾತ್ರಿ ಅಭ್ಯಾಸ, ಪಾಸಿಂಗ್ ಪ್ಯಾಕೇಜು, ದತ್ತು ತಗೊಳ್ಳೂದು, ದಿನಾ ವರದಿ. ಆಳಂದಕ್ಕೂ ಅದೇ ಸುತ್ತೋಲಿ, ಅಫಜಲಪುರಕ್ಕೂ ಅದೇ, ಜೇವರ್ಗಿಗೂ ಅದೇ.

ಕಾಕಾ: ಈ ಮೂರಕ್ಕೂ ಒಂದೇ ಕಾಗದ ಬರೂದು ಹೊಸಾದಲ್ಲ. 2002ರಾಗ ನಂಜುಂಡಪ್ಪನವರ ಸಮಿತಿ ವರದಿ ಬಂತಲ್ಲ, ಆಗ ರಾಜ್ಯದಾಗ 175 ತಾಲ್ಲೂಕು. ಅದರಾಗ 114 ಹಿಂದುಳದಾವ, 39 ಅತ್ಯಂತ ಹಿಂದುಳದಾವ ಅಂತ ಬರದ್ರು. ನಾ ನೌಕರಿ ಮಾಡಿದ ಮೂರೂ ಆ 39ರಾಗ ಇದ್ವು. ನಾ ಮನಿಗಿ ಬಂದು ನಿಮ್ಮ ಕಾಕಿಗಿ ಹೇಳಿದೆ. ಅಕಿ, 'ನೀವು ಇದ್ದಲ್ಲೆಲ್ಲಾ ಹಿಂಗೇ ಆಗ್ಯಾದಲ್ರಿ' ಅಂದ್ಲು.

ಸಿಆರ್‌ಪಿ: (ನಗುತ್ತಾ) ಕಾಕಿ ಸಮಿತಿಗಿಂತ ಚುರುಕು.

ಕಾಕಾ: ಆ ವರದಿ ದೊಡ್ಡ ಕೆಲಸ, ಸುಳ್ಳಲ್ಲ. ಎಲ್ಲಿ ಎಷ್ಟು ಕಮ್ಮಿ ಅದ ಅಂತ ಅಂಕಿ ಹಿಡದು ತೋರಿಸ್ತು. ಆಮ್ಯಾಲ 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕ 371ಜೆ ಕಲಂ ಬಂತು, ನೌಕರ್ಯಾಗ, ಕಾಲೇಜ್ ಸೀಟಿನ್ಯಾಗ ಮೀಸಲಾತಿ ಬಂತು, ಪ್ರದೇಶಕ್ಕೊಂದು ಮಂಡಳಿ ಬಂತು, ರೊಕ್ಕ ಬಂತು. ಕೋಣಿ ಕಟ್ಟಿದ್ವಿ, ಕಂಪೌಂಡ್ ಕಟ್ಟಿದ್ವಿ. ಎಷ್ಟು ಕಮ್ಮಿ ಅನ್ನೂದಕ್ಕ ರೊಕ್ಕ ಉತ್ತರ. ಯಾಕ ಕಮ್ಮಿ ಅಂತ ಯಾರೂ ಆ ಮೂರು ಊರಾಗ ಬ್ಯಾರೆ ಬ್ಯಾರೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಿಆರ್‌ಪಿ: ನಮ್ಮ ಕಡಿಂದ ಅದನ್ನೇ ಕೇಳಿಸಿದ್ರು. ಮೀನಿನ ಮುಳ್ಳಿನ ಚಿತ್ರ ಅಂತ ಬರಸ್ತಾರ. ಜಪಾನಿನ ಇಶಿಕಾವಾ ಅನ್ನಾವ್ರು ಕಾರ್ಖಾನಿಗಂತ ಮಾಡಿದ್ದು. ತಲ್ಯಾಗ ಸಮಸ್ಯೆ, ಒಂದೊಂದು ಮುಳ್ಳಿಗಿ ಒಂದೊಂದು ಕಾರಣ, ಮುಳ್ಳಿಗಿ ಮತ್ತ ಸಣ್ಣ ಮುಳ್ಳು. ಪ್ರತಿ ಸಲ 'ಅದು ಯಾಕ' ಅಂತ ಕೇಳಬೇಕು. ನಮ್ಮ ಗುಂಪಿನ್ಯಾಗ ಮೂರೂ ತಾಲ್ಲೂಕಿನವರು ಇದ್ವಿ. ತಲಿ ಒಂದೇ: ಹತ್ತನೇ ಕ್ಲಾಸ್ ಹುಡುಗರು ಪಾಸಾಗವಲ್ಲರು.

ಕಾಕಾ: ಮುಳ್ಳು?

ಸಿಆರ್‌ಪಿ: ಆಳಂದದವರು ಹೇಳಿದ್ರು, ದೀಪಾವಳಿ ದಾಟಿದ್ರ ನಮ್ಮ ತಾಂಡಾದ ಮನಿಗಳಿಗಿ ಕೀಲಿ. ಮುಂಬೈ, ಪುಣೆಗೆ ದುಡಿಲಾಕ ಹೋಗ್ತಾರ, ಕಬ್ಬು ಕಡಿಲಾಕ ಗಡಿ ದಾಟ್ತಾರ. ಹುಡುಗರು ಅಜ್ಜಿ ಕೈಯಾಗ ಉಳದ್ರ ಉಳೀತಾರ, ಇಲ್ಲಂದ್ರ ಅವರೂ ಹೋಗ್ತಾರ. ಅಫಜಲಪುರದವರು ಹೊಳಿ ದಂಡಿ ಊರಿನ ಮಾತ ಆಡಿದ್ರು. ಭೀಮಾ ತುಂಬಿದಾಗ ದಾರಿ ಬಂದ್, ಶಾಲಿ ಬಂದ್. 2020ರ ಅಕ್ಟೋಬರದಾಗ ಬಂತು, 2025ರ ಸೆಪ್ಟೆಂಬರದಾಗ ಮತ್ತ ಬಂತು. ನೀರಿಳಿದ ಮ್ಯಾಲ ಪುಸ್ತಕ ಒಣಗಸೂದೇ ಪಾಠ. ನನ್ನದು ಜೇವರ್ಗಿ. ನನ್ನ ಮುಳ್ಳು ಅಲ್ಲೇ ಹೊರಗ ಕಾಣ್ತದ ನೋಡ್ರಿ.

ಕಾಕಾ: ಹತ್ತಿ.

ಸಿಆರ್‌ಪಿ: ಹತ್ತಿ. ಕಿಲೋ ಲೆಕ್ಕದಾಗ ಕೂಲಿ. ಕೈ ಹೆಚ್ಚಾದಷ್ಟು ಕಿಲೋ ಹೆಚ್ಚು. ಹೆಣ್ಣು ಹುಡುಗಿ ಕೈ ಚುರುಕು ಅಂತ ಅವನ್ನೇ ಮೊದಲ ಹೊಲಕ್ಕ ಕರ್ಕೊಂಡು ಹೋಗ್ತಾರ. ಸುತ್ತೋಲಿ ಪ್ರಕಾರ ನಾವು ಸಂಜಿ ವಿಶೇಷ ತರಗತಿ ಇಡ್ತೀವಿ. ಸಂಜಿಗಿ ಅವು ಹೊಲದಿಂದ ಬಂದು ರೊಟ್ಟಿ ಬಡೀತಿರ್ತಾವ.

ಕಾಕಾ: ಮೂರು ಮುಳ್ಳೂ ಒಂದೇ ಗಂಟಲದಾಗ ಅಲ್ಲ. ಒಂದೇ ಗುಳಿಗಿ ಕೊಟ್ರ ಹೋಗಾವಲ್ಲ.

ಸಿಆರ್‌ಪಿ: ಮೂವರೂ ಮುಳ್ಳಿನ ತುದಿಗಿ ಹೋದಾಗ ಒಂದು ಕಡಿ ಬಂದು ಕೂಡಿದ್ವಿ ಕಾಕಾ, ಅದನ್ನೂ ಹೇಳಬೇಕು. ಹತ್ತನೇದಾಗ ಬೀಳೂ ಹುಡುಗ ಮೂರನೇದಾಗೇ ಓದ್ಲಾಕ ಬರದೇ ದಾಟಿರ್ತಾನ. ಹತ್ತನೇ ಕ್ಲಾಸಿಗಿ ಓಡಿ ಹೋಗಿ ನಿಂತವರು ನಾವು. ಬೇರು ಕೆಳಗ ಅದ. ಅದಕ್ಕ ಯಾರೂ ಫಲಿತಾಂಶ ಕೇಳೂದಿಲ್ಲ.

ಕಾಕಾ: ಕೆಳಗಿನ ಕ್ಲಾಸಿನ ಮಾಸ್ತರಿಗಿ ಪುರಸೊತ್ತು ಎಲ್ಯದ? ಊಟ, ಹಾಲು, ಮೊಟ್ಟಿ, ಬೂಟು, ಸಮವಸ್ತ್ರ, ಆನ್‌ಲೈನ್, ಮತದಾರರ ಪಟ್ಟಿ. 2025ರಾಗ ಜಾತಿ ಸಮೀಕ್ಷಿಗಿ ಹಚ್ಚಿ ದಸರಾ ರಜಾ ಅಕ್ಟೋಬರ್ 18ರ ತನಕ ಎಳದ್ರು. ಕರಕ್ಕ ಕೂರಿಗಿ ಹೂಡಿ, ಸಾಲು ಸೊಟ್ಟ ಆತು ಅಂತ ಕರಕ್ಕೇ ಬಾರುಕೋಲು.

ಸಿಆರ್‌ಪಿ: ಆ ಹಾರ್ವರ್ಡಿನವರ ಪುಸ್ತಕದಾಗೂ ಈ ಮಾತದ. ಹೊರೂ ಶಕ್ತಿ ಬರೂಕಿಂತ ಮೊದಲ ಹೊರಿ ಹೇರಿದ್ರ ಮುಂದ ಬರೂ ಶಕ್ತಿನೂ ಬರೂದಿಲ್ಲಂತ.

ಕಾಕಾ: ಇಷ್ಟೆಲ್ಲಾ ಹಾರ್ವರ್ಡಿನವರಿಂದ ಕೇಳಬೇಕಾತೇನು? ನಮ್ಮ ರಾಜ್ಯದಾಗೇ ಮಾಡಿ ತೋರಿಸಿದವರು ಇಲ್ಲೇನು?

ಸಿಆರ್‌ಪಿ: ಅದಾರ. ನಲಿ-ಕಲಿ ತಗೋರಿ. 1995ರಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಿ ಮಾಸ್ತರಗೋಳು ಆಂಧ್ರದ ರಿಷಿ ವ್ಯಾಲಿಗಿ ಹೋಗಿ ನೋಡಿ ಬಂದ್ರು. ಅಲ್ಲಿ ಕಾರ್ಡು ಹಿಡದು ಮಕ್ಕಳು ತಮ್ಮ ವೇಗಕ್ಕ ತಾವು ಕಲೀತಿದ್ವು. ಇವರು ಬಂದು ಅವೇ ಕಾರ್ಡು ನಕಲು ಮಾಡಲಿಲ್ಲ. ತಮ್ಮ ಕಾಡಂಚಿನ ಮಕ್ಕಳ ಹಾಡು, ಮಾತು, ಆಟ ಇಟ್ಟು ತಾವೇ ಬರದ್ರು. ಒಂದು ಕಾರ್ಡು ನಡೀಲಿಲ್ಲ ಅಂದ್ರ ಹರದು ಮತ್ತೊಂದು. ಬಿಟ್ಟು ಹೋದ ಮಗು ವಾರದ ನಂತರ ಬಂದ್ರೂ ತಾ ನಿಂತ ಮೆಟ್ಟಲಿಂದಲೇ ಹತ್ತಬಹುದು. ದುಡಿಲಾಕ ಊರು ಬಿಡೂವರ ಮಕ್ಕಳಿಗಿ ಇದಕ್ಕಿಂತ ಛಲೋ ಪದ್ಧತಿ ಯಾವುದದ?

ಕಾಕಾ: ಹೌದಪ್ಪಾ. ನಮ್ಮಲ್ಲಿಗೂ ಬಂತಲ್ಲ ಅದು.

ಸಿಆರ್‌ಪಿ: 2009-10ರಾಗ ಇಡೀ ರಾಜ್ಯಕ್ಕ ಬಂತು, ಆದೇಶದ ಮ್ಯಾಲ. ಕಾರ್ಡು ಅಚ್ಚಾಗಿ ಪೆಟ್ಟಿಗ್ಯಾಗ ಬಂದ್ವು. ಕೋಟೆಯ ಮಾಸ್ತರು ಕಾರ್ಡು ಬರದಿದ್ರು, ನಮ್ಮವರು ಕಾರ್ಡಿಗಿ ಸಹಿ ಹಾಕಿ ತಗೊಂಡ್ರು. ಛಲೋ ನಡಸಿದವರೂ ಅದಾರ, ನಾ ನೋಡೀನಿ. ಆದ್ರ ಹರದು ಮತ್ತೊಂದು ಬರೀರಿ ಅನ್ನೂ ಹಕ್ಕು ಪೆಟ್ಟಿಗಿ ಸಂಗಡ ಬರಲಿಲ್ಲ. ಕಾರ್ಡು ಹರದ್ರ ದಾಸ್ತಾನಿನ್ಯಾಗ ಕಮ್ಮಿ ಬೀಳ್ತದ.

ಕಾಕಾ: ಹಂಗಂದ್ರ ಕೋಟ್ಯಾಗ ಹುಟ್ಟಿದ ಗುಣ ಕೋಟ್ಯಾಗೇ ಉಳೀತು, ಕಾರ್ಡು ತಿರುಗಾಡ್ತು.

ಸಿಆರ್‌ಪಿ: ಬಿಸಿಯೂಟದ ಮೊಟ್ಟಿ ಕಥಿ ಸ್ವಲ್ಪ ಬ್ಯಾರೆ. 2021ರ ಡಿಸೆಂಬರ್ 1ರಿಂದ ಏಳು ಜಿಲ್ಲಾದಾಗ ಮಾತ್ರ ಶುರು ಮಾಡಿದ್ರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ. ಮಾರ್ಚ್ ತನಕ 46 ದಿವಸ. ತಿನ್ನದವರಿಗಿ ಬಾಳಿಹಣ್ಣು. ಎಷ್ಟು ಗದ್ದಲ ಆತು, ಮಠದಿಂದ ವಿರೋಧ ಬಂತು. ಆದ್ರ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟಿ ತಿಂದ ಯಾದಗಿರಿ ಮಕ್ಕಳನ್ನ, ತಿನ್ನದ ಗದಗಿನ ಮಕ್ಕಳನ್ನ ತೂಕ ಮಾಡಿ ನೋಡಿದ್ರು. ಯಾದಗಿರಿ ಮಕ್ಕಳ ತೂಕ ಹೆಚ್ಚಿಗಿ ಏರಿತ್ತು. ಮುಂದಿನ ವರ್ಷ ಇಡೀ ರಾಜ್ಯಕ್ಕ ಹೋತು. 2024ರ ಸೆಪ್ಟೆಂಬರದಾಗ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕ ಆರು ದಿನ ಆತು.

ಕಾಕಾ: ಅದರಾಗೂ ಅಡ್ಜಸ್ಟ್ ಇತ್ತಲ್ಲ. ಒಂದು ಮೊಟ್ಟಿಗಿ ಆರು ರೂಪಾಯಿ. ಖರೀದಿಗಿ 5 ರೂಪಾಯಿ 20 ಪೈಸೆ, ಕುದಸ್ಲಾಕ 50 ಪೈಸೆ, ಸಿಪ್ಪಿ ಸುಲಿಲಾಕ 30 ಪೈಸೆ. ಚಳಿಗಾಲದಾಗ ಪ್ಯಾಟಿ ದರ ಏರಿದ್ರ ಹೆಡ್ ಮಾಸ್ತರು ಕಿಸೇದಾಗ ಕೈ ಹಾಕಬೇಕು, ಇಲ್ಲಂದ್ರ ಸಣ್ಣ ಮೊಟ್ಟಿ ಹುಡುಕಬೇಕು.

ಸಿಆರ್‌ಪಿ: ಅದೇ ನೋಡ್ರಿ. ಮಕ್ಕಳ ತೂಕ ಅಳದ್ರು, ಅದು ಕಲತಂಗಾತು. ಹೆಡ್ ಮಾಸ್ತರ ಕಿಸೆ ಅಳೀಲಿಲ್ಲ. ಅದು ಯಾವ ಕಾಲಮ್ಮಿನ್ಯಾಗೂ ಇಲ್ಲ. ಮೈಕೆಲ್ ಲಿಪ್ಸ್ಕಿ ಅಂತ ಒಬ್ಬರು 1980ರಾಗೇ ಬರದಿದ್ರಂತ, ಜನರ ಎದುರಿಗಿ ನಿಂತ ಸಣ್ಣ ನೌಕರ ಏನು ಮಾಡ್ತಾನೋ ಅದೇ ಕಡೀಗಿ ಸರ್ಕಾರದ ನೀತಿ ಅಂತ. ನಮ್ಮ ಸಣ್ಣ ನೌಕರರು ದಿನಾ ನೀತಿ ಮಾಡ್ತಾರ. ಆದ್ರ ಪೆನ್ಸಿಲಿನ್ಯಾಗ ಮಾಡ್ತಾರ.

ಕಾಕಾ: (ತಟ್ಟನೆ ತಿರುಗಿ) ಪೆನ್ಸಿಲ್?

ಸಿಆರ್‌ಪಿ: ಶಾಲಿಗಿ ಹೋದಾಗ ನೋಡೀನಿ. ಹಾಜರಿ ಪುಸ್ತಕದ ಮುಂದಿನ ಪುಟದಾಗ ಪೆನ್ನಿನ ಲೆಕ್ಕ, ಮ್ಯಾಲ ಹೋಗೂದು. ಹಿಂದಿನ ಪುಟದಾಗ ಪೆನ್ಸಿಲ್ ಲೆಕ್ಕ, ಖರೇ ಎಷ್ಟು ಬಂದಾರ, ಯಾರು ಹತ್ತಿಗಿ ಹೋಗ್ಯಾರ, ಎಷ್ಟು ಉದ್ರಿ ಆಗ್ಯಾದ. ಸಾಹೇಬರು ಬರ್ತಾರಂದ್ರ ರಬ್ಬರ್ ತಗೋತಾರ.

ಕಾಕಾ ಮಾತಾಡಲಿಲ್ಲ. ಬಸ್ಸು ಒಂದು ಊರಲ್ಲಿ ನಿಂತು ಹೊರಟಿತು. ಆಕೆಯೇ ಮುಂದುವರಿಸಿದಳು.

ಸಿಆರ್‌ಪಿ: ಆದ್ರ ನನಗೊಂದು ಅಂಜಿಕಿ ಅದ ಕಾಕಾ. ತರಬೇತ್ಯಾಗ ಇದನ್ನ ಕೇಳ್ಲಾಕ ಹೋದೆ, ಊಟಕ್ಕ ಬಿಟ್ರು. ಊರಿಗಿ ತಕ್ಕಂಗ ಮಾಡ್ಕೋರಿ ಅಂತ ಸಡಿಲ ಬಿಟ್ರ, ಊರಂದ್ರ ಯಾರು? ಬಿಸಿಯೂಟಕ್ಕ ದಲಿತ ಹೆಣ್ಣುಮಗಳು ಅಡಗಿ ಮಾಡಿದ್ರ ಮಕ್ಕಳನ್ನ ಕಳಸದ ಊರು ನಮ್ಮ ರಾಜ್ಯದಾಗೇ ಅದಾವ. ಅಲ್ಲಿ ಸ್ಥಳೀಯ ಹೊಂದಾಣಿಕಿ ಅಂದ್ರ ಅಕಿನ್ನ ತಗದು ಬ್ಯಾರೆಯವರನ್ನ ಇಡೂದು. ಅಂಥಲ್ಲಿ ಬಡವನ ಕೈಯಾಗ ಇರೂದು ಆದೇಶ ಒಂದೇ.

ಕಾಕಾ: ಇದು ಮಾತು. ಕೈ ಸಡಲ ಬಿಟ್ರ ಮೊದಲ ಒಳಗ ಬರಾವ ಗೌಡ, ಎರಡನೇದಾವ ಗುತ್ತಿಗಿದಾರ. ನಾ ನೋಡೀನಿ.

ಸಿಆರ್‌ಪಿ: ಮತ್ತ ಹ್ಯಾಂಗ?

ಕಾಕಾ: ಎತ್ತು ಕಟ್ಟೂವಾಗ ಎರಡು ಬೇಕು, ಗೂಟ ಒಂದು, ಹಗ್ಗ ಒಂದು. ಗೂಟ ಆಳದಾಗ ಬಡದಿರಬೇಕು, ಅದನ್ನ ಗೌಡನೂ ಕೀಳಬಾರದು, ನಾನೂ ಕೀಳಬಾರದು. ಎಲ್ಲಾ ಮಕ್ಕಳೂ ಒಂದೇ ಸಾಲಿನ್ಯಾಗ ಕುಂತು ಉಣಬೇಕು, ಇದು ಗೂಟ. ದುಡದ ಕೂಲಿ ಸಿಗಬೇಕು, ಇದು ಗೂಟ. ಏನು ಉಣಬೇಕು, ಎಷ್ಟೊತ್ತಿಗಿ, ಮೊಟ್ಟಿ ಯಾರು ತರಬೇಕು, ಇದೆಲ್ಲಾ ಹಗ್ಗ. ಮೇವಿದ್ದಷ್ಟು ಉದ್ದ ಬಿಡಬೇಕು. ನಮ್ಮ ಇಲಾಖ್ಯಾಗ ತಿರುಗುಮುರುಗ. ಗೂಟ ಸಡಲ, ಹಗ್ಗ ಗಿಡ್ಡ.

ಸಿಆರ್‌ಪಿ: ನನ್ನ ಹತ್ತಿ ಮುಳ್ಳಿಗಿ ಇದನ್ನ ಹಚ್ಚಿ ನೋಡ್ತೀನಿ ತಡೀರಿ. ತರಬೇತಿ ನಡುವ ಒಂದು ದಿನ ಊರಿಗಿ ಹೋಗಿ ತಾಯಂದಿರನ್ನ ಮಾತಾಡಿಸಿ ಬರ್ರಿ ಅಂದಿದ್ರು. ಒಬ್ಬಾಕಿ ಹೇಳಿದ್ಲು, ಮುಂಜಾನಿ ಇಬ್ಬನಿ ಆರೂ ತನಕ ಹತ್ತಿ ಬಿಡಸ್ಲಾಕ ಬರೂದಿಲ್ಲ ಅಂತ. ಹಸಿ ಹತ್ತಿ ಬಿಡಸಿದ್ರ ಮಾಲು ಕೆಡ್ತದ. ನಾ ಇದೇ ಊರ ಕಡ್ಯಾಕಿ, ನನಗ ಹೊಳದಿರಲಿಲ್ಲ. ಅಂದ್ರ ಮುಂಜಾನಿ ಏಳೂವರಿಯಿಂದ ಎರಡು ತಾಸು ಆ ಹುಡುಗಿಯರ ಕೈ ಖಾಲಿ. ವಿಶೇಷ ತರಗತಿ ಸಂಜಿ ಬಿಟ್ಟು ಮುಂಜಾನಿ ಇಟ್ರ?

ಕಾಕಾ: ಭೇಷ್.

ಸಿಆರ್‌ಪಿ: ಭೇಷ್ ಅನಬ್ಯಾಡ್ರಿ, ಇಲ್ಲೇ ತೊಡಕದ. ಮುಂಜಾನಿ ಎರಡು ತಾಸು ಕಲಸಿ ಹೊಲಕ್ಕ ಕಳಸಿದ್ರ, ಹುಡುಗಿ ಹತ್ತಿ ಬಿಡಸೂದಕ್ಕ ನಾನೇ ಒಪ್ಪಿಗಿ ಕೊಟ್ಟಂಗ. ಆಮ್ಯಾಲ ಅಪ್ಪ ಅನ್ನಾವ, ಶಾಲಿ ಆತಲ್ಲ, ನಡಿ ಹೊಲಕ್ಕ.

ಕಾಕಾ: ಗೂಟ ಯಾವುದು ಹೇಳು.

ಸಿಆರ್‌ಪಿ: ಹುಡುಗಿ ದಿನಪೂರ್ತಿ ಶಾಲ್ಯಾಗ ಇರಬೇಕು.

ಕಾಕಾ: ಹಂಗಿದ್ರ ಮುಂಜಾನಿ ಕ್ಲಾಸು ಅಕಿನ್ನ ಎಳದು ತರೂ ಹಗ್ಗ. ಎರಡೇ ಊರಾಗ ಹಚ್ಚು, ಮೂರು ವಾರ ನೋಡು. ಶುರು ಮಾಡೂಕಿಂತ ಮೊದಲೇ ಬರದಿಡು, ಏನಾದ್ರ ಇದು ತಪ್ಪು ಅಂತ. ಮುಂಜಾನಿ ಬಂದವರು ಪ್ರಾರ್ಥನಾ ಗಂಟಿ ಹೊಡದಾಗ ಉಳೀತಾರೋ, ಎದ್ದು ಹೋಗ್ತಾರೋ? ಮೂರನೇ ವಾರಕ್ಕೂ ಎದ್ದು ಹೊಂಟ್ರ ನಿನ್ನ ಹಗ್ಗ ಹೊಲದ ಕಡಿ ಎಳ್ಯಾಕತ್ತದ ಅಂತ. ಆವತ್ತೇ ನಿಂದರಸು.

ಸಿಆರ್‌ಪಿ: ನಿಂದರಸಿದ್ದನ್ನ ಎಲ್ಲಿ ಬರೀಲಿ? ವರದಿ ನಮೂನ್ಯಾಗ 'ಯಶಸ್ವಿಯಾಗಿ ನಡೆಸಲಾಯಿತು' ಅಂತ ಮೊದಲೇ ಅಚ್ಚಾಗಿ ಬರ್ತದ.

ಕಾಕಾ: (ನಿಟ್ಟುಸಿರು ಬಿಟ್ಟು) ಅವ್ವಾ, ಅದೇ ರೋಗ. ನಿನಗೊಂದು ಹೇಳ್ತೀನಿ. ಯಾರಿಗೂ ಹೇಳಿಲ್ಲ.

ಸಿಆರ್‌ಪಿ: ಹೇಳ್ರಿ.

ಕಾಕಾ: 2002ರ ಜೂನದಾಗ ಬಿಸಿಯೂಟದ ಅಕ್ಷರ ದಾಸೋಹ ಶುರು ಆತು. ಮೊದಲ ನಮ್ಮ ಈಶಾನ್ಯದ ಏಳು ಜಿಲ್ಲಾಕ್ಕೇ ಬಂದಿದ್ದು, ಉಳದ ರಾಜ್ಯಕ್ಕ ಮರುವರ್ಷ. ಅದಕ್ಕಿಂತ ಮುಂಚಿ ಶಾಲಿಗಿ ಬಂದ ಮಗುವಿಗಿ ತಿಂಗಳಿಗಿ ಮೂರು ಕಿಲೋ ಕಾಳು ಮನಿಗಿ ಕಳಸೂದಿತ್ತು. ಈಗ ಅಡಗಿ. ಅಕ್ಕಿ ಬಂತು. ಅನ್ನ ನಮ್ಮ ಮಕ್ಕಳಿಗಿ ಹಬ್ಬದ ಊಟ, ದಿನಾ ಉಂಡ್ರ ಹೊಟ್ಟಿ ತುಂಬಿದಂಗ ಆಗೂದಿಲ್ಲ. ಒಂದು ಊರಾಗ, ಊರಿನ ಹೆಸರು ಬ್ಯಾಡ, ಅಡಗಿಯಾಕಿ ಒಬ್ಬಾಕಿ ಇದ್ಲು. ವಾರಕ್ಕ ಎರಡು ದಿನ ತಾಯಂದಿರಿಂದ ಜೋಳ ಎತ್ತಿ ನುಚ್ಚು ಮಾಡ್ತಿದ್ಲು, ಮ್ಯಾಲ ಪುಂಡಿಪಲ್ಯ. ಆ ಎರಡು ದಿನ ಶಾಲಿ ತುಂಬಿ ತುಳುಕೂದು. ನಾ ತಪಾಸಣಿಗಿ ಹೋಗಿದ್ದೆ, ನಾನೂ ಉಂಡೆ.

ಸಿಆರ್‌ಪಿ: ಅದೇ ಅಲ್ಲೇನ್ರಿ, ಮಾಡಿ ನೋಡೂದು!

ಕಾಕಾ: ಹೌದು. ಅಕಿಗಿ ಯಾರೂ ತರಬೇತಿ ಕೊಟ್ಟಿರಲಿಲ್ಲ. ನಾ ಏನು ಮಾಡಿದೆ ಗೊತ್ತೇನು? 'ಛಲೋ ಮಾಡಿ ತಂಗಿ, ಆದ್ರ ಪುಸ್ತಕದಾಗ ಅನ್ನ-ಸಾಂಬಾರ ಅಂತ ಬರಸು. ಅಡ್ಜಸ್ಟ್ ಮಾಡ್ಕೋ' ಅಂದೆ. ಅಕಿಗಿ ಉಪಕಾರ ಮಾಡೀನಿ ಅಂತ ತಿಳಕೊಂಡು ಬಂದೆ. ಎರಡು ದಿನದ ಅಕ್ಕಿ ಪುಸ್ತಕದಾಗ ಖರ್ಚಾತು, ಕೋಣ್ಯಾಗ ಉಳೀತು. ತಿಂಗಳ ಮ್ಯಾಲ ತಿಂಗಳು ಉಳೀತು. ನನಗ ವರ್ಗಾ ಆತು. ಬ್ಯಾರೆ ಸಾಹೇಬ ಬಂದು ಚೀಲ ಎಣಿಸಿದ. ಲೆಕ್ಕಕ್ಕಿಂತ ಅಕ್ಕಿ ಹೆಚ್ಚಿಗಿ ಅದ, ಮಾರ್ಲಾಕ ಇಟ್ಟಾಳ ಅಂದ. ಊರ ಮುಂದ ಕಳ್ಳಿ ಅಂದ. ಕೆಲಸ ಹೋತು.

ಸಿಆರ್‌ಪಿ: ನೀವು...

ಕಾಕಾ: ನನಗ ಗೊತ್ತಾತು. ಬ್ಯಾರೆ ತಾಲ್ಲೂಕಿನ್ಯಾಗ ಇದ್ದೆ. ಒಂದು ಕಾಗದ ಬರದಿದ್ರ ಸಾಕಿತ್ತು, ನಾನೇ ಹಂಗ ಬರಸಂದಿದ್ದೆ ಅಂತ. ಬರದ್ರ ನನ್ನ ಕುತ್ತಿಗಿಗಿ ಬರ್ತದ ಅಂತ ಸುಮ್ಮನಾದೆ. ಈಗ ಜೋಳದ ಮಾತು ಎಲ್ಲಾರೂ ಆಡ್ತಾರ, ಸಿರಿಧಾನ್ಯ ಅಂತ ಮೇಳ ಮಾಡ್ತಾರ. ಅವತ್ತು ನಾ ಅಕಿ ಮಾಡಿದ್ದನ್ನ ಪೆನ್ನಿಲೆ ಬರದು ಮ್ಯಾಲ ಕಳಸಿದ್ರ, ಬೈಸ್ಕೊಂಡಾದ್ರೂ ಬೈಸ್ಕೊಂಡು, ಒಂದು ತಾಲ್ಲೂಕಾದ್ರೂ ಕಲೀತಿತ್ತೇನೋ. ನೀ ಕೇಳಿದ್ಯಲ್ಲ, ಕೆಲಸಾನೋ ಲೆಕ್ಕಾನೋ ಅಂತ. ಅಕಿ ಕೆಲಸ ತಿದ್ದಿದ್ಲು. ನಾ ಲೆಕ್ಕ ತಿದ್ದಿಸಿದೆ.

ಬಸ್ಸು ಕಟ್ಟಿಸಂಗಾವಿಯ ಸೇತುವೆ ಏರಿತು. ಕೆಳಗೆ ಭೀಮೆ, ಡಿಸೆಂಬರಿನ ಸಣಕಲು ನೀರು, ನಡುವೆ ಮರಳ ದಿಬ್ಬ. ನೆರೆ ಬಂದ ವರ್ಷ ಇದೇ ನೀರು ಈ ರಸ್ತೆಯನ್ನು ಮುಚ್ಚುತ್ತದೆ.

ಸಿಆರ್‌ಪಿ: ಅಕಿ ಈಗ ಅದಾಳೇನ್ರಿ?

ಕಾಕಾ: ಅದಾಳ. ಜಾತ್ರ್ಯಾಗ ಭೆಟ್ಟಿ ಆಗ್ತಾಳ. 'ಚಾ ಕುಡೀರಿ ಸಾಹೇಬ್ರ' ಅಂತಾಳ. ಸೊಸಿ ಈಗ ಅದೇ ಶಾಲ್ಯಾಗ ಅಡಗಿ ಮಾಡ್ತಾಳ.

ಸಿಆರ್‌ಪಿ: ಸೊಸಿ ಏನು ಮಾಡ್ತಾಳ, ನುಚ್ಚೋ ಅನ್ನೋ?

ಕಾಕಾ: ಪಟ್ಟಿಯಾಗ ಏನದನೋ ಅದು. ಮನ್ಯಾಗ ಅತ್ತಿ ಪಾಠ ಹೇಳಿರ್ತಾಳ, ಇದ್ದದ್ದು ಇದ್ದಂಗ ಮಾಡು, ಕೈ ಹಚ್ಚಬ್ಯಾಡ ಅಂತ. ಆ ಮನಿ ಕಲತದ್ದು ಅದು. ನಾ ಕಲಸಿದ್ದು.

ಆಕೆ ಚೀಲದ ಜಿಪ್ಪು ಎಳೆದು ನೋಟ್‌ಬುಕ್ಕು ತೆಗೆದಳು. ಮೊದಲ ಪುಟ ತೆರೆದು ಅವರ ತೊಡೆಯ ಮೇಲಿಟ್ಟಳು. ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು.

ಕಾಕಾ: ಏನಿದು?

ಸಿಆರ್‌ಪಿ: ಬರೀರಿ. ಎಷ್ಟು ಜೋಳ ಎತ್ತತಿದ್ಲು, ಎಷ್ಟು ಮಕ್ಕಳು ಬರ್ತಿದ್ರು, ಅಕ್ಕಿ ಯಾಕ ಉಳೀತು, ಪುಸ್ತಕದಾಗ ಹಂಗ ಬರಸಂತ ಯಾರಂದ್ರು. ಎಲ್ಲಾ.

ಕಾಕಾ: ಇಪ್ಪತ್ತು ವರ್ಷದ ಮ್ಯಾಲ ಯಾರಿಗಿ ಬೇಕವ್ವ ಅದು?

ಸಿಆರ್‌ಪಿ: ಸೊಸಿಗಿ ಬೇಕು. ನನಗೂ ಬೇಕು. ನನ್ನ ಮುಂಜಾನಿ ಕ್ಲಾಸು ತಪ್ಪಿದ್ರ 'ತಪ್ಪಿತು' ಅಂತ ಬರೀಬೇಕಲ್ಲ. ನನಗಿಂತ ಮೊದಲ ಯಾರಾದ್ರೂ ಒಬ್ಬರು ಬರದಿದ್ರ ನನ್ನ ಕೈ ನಡಗೂದಿಲ್ಲ.

ಕಾಕಾ ಕನ್ನಡಕ ಸರಿ ಮಾಡಿಕೊಂಡರು. ಸೇತುವೆ ಇಳಿದ ಬಸ್ಸು ಗುಂಡಿಯೊಂದಕ್ಕೆ ಬಿದ್ದೆದ್ದು, ಹಾಳೆಯ ಮೇಲೆ ಪೆನ್ನು ಒಂದು ಉದ್ದ ಗೀಟು ಎಳೆಯಿತು.

ಕಾಕಾ: ಕೆಟ್ಟುಹೋತು. ರಬ್ಬರಿನಿಂದ ಹೋಗೂದಿಲ್ಲ ಇದು.

ಸಿಆರ್‌ಪಿ: ಇರಲಿ ಬಿಡ್ರಿ. ಅದರ ಕೆಳಗ ಬರೀರಿ.

ಅವರು ಬರೆದರು. ಅಕ್ಷರ ಸೊಟ್ಟಪಟ್ಟ ಬಂದವು. ಮೊದಲ ಸಾಲಿನಲ್ಲಿ 'ನುಚ್ಚು' ಎಂದಿತ್ತು. ಜೇವರ್ಗಿ ನಿಲ್ದಾಣ ಬರುವ ಹೊತ್ತಿಗೆ ಇನ್ನೂ ಅರ್ಧ ಪುಟ ಆಗಿತ್ತು, ಅವರು ತಲೆ ಎತ್ತಿರಲಿಲ್ಲ.